ಒಂದೇ ಸ್ಕ್ಯಾನ್, ಎರಡು ಸಾಫ್ಟ್‌ವೇರ್, ಎರಡು ಉತ್ತರ: ಯಕೃತ್ತಿನ ರಕ್ತಹರಿವಿನ ಯಾವ ಅಂಕಿಯನ್ನು ನಂಬಬೇಕು?

ಪ್ರಶ್ನೆ: ರೇಡಿಯಾಲಜಿ ವಿದ್ಯಾರ್ಥಿನಿ

ಎಲ್ಲರಿಗೂ ನಮಸ್ಕಾರ. ರೇಡಿಯಾಲಜಿ ಎಂ.ಡಿ. ಎರಡನೇ ವರ್ಷದಲ್ಲಿರುವ ನಾನು, ಸಿರೋಸಿಸ್ (ಅಂಗಾಂಶ ಗಾಯದ ಕಲೆಯಂತೆ ಗಟ್ಟಿಯಾಗಿ ಗಂಟುಗಟ್ಟುವ ಕಾಯಿಲೆ) ಆದ ಯಕೃತ್ತಿನಲ್ಲಿ ರಕ್ತದ ಹರಿವು ಹೇಗೆ ಬದಲಾಗುತ್ತದೆ ಎಂಬ ವಿಷಯದ ಮೇಲೆ ಪ್ರಬಂಧ ಬರೆಯುತ್ತಿದ್ದೇನೆ. ಅಳತೆಗೆ ಬಳಸುತ್ತಿರುವುದು ಡೈನಾಮಿಕ್ ಸಿಟಿ, ಅಂದರೆ ನಮ್ಮ ವಿಭಾಗದಲ್ಲಿ ಎಲ್ಲರೂ ಸಿಟಿ ಪರ್ಫ್ಯೂಷನ್ ಎಂದು ಕರೆಯುವ ಪರೀಕ್ಷೆ. ನೈತಿಕ ಸಮಿತಿಯ ಅನುಮತಿ ಮತ್ತು ರೋಗಿಗಳ ಲಿಖಿತ ಒಪ್ಪಿಗೆ ಪಡೆದೇ ಕೆಲಸ ನಡೆಯುತ್ತಿದೆ.

ನಮ್ಮ ವಿಧಾನ ಹೀಗಿದೆ. ಪ್ರತಿ ಮಿಲಿಲೀಟರಿನಲ್ಲಿ 350 ಮಿಲಿಗ್ರಾಂ ಅಯೋಡಿನ್ ಇರುವ ಕಾಂಟ್ರಾಸ್ಟ್ ಅನ್ನು, ಅಂದರೆ ಚಿತ್ರದಲ್ಲಿ ರಕ್ತವನ್ನು ಬೆಳಗಿಸುವ ದ್ರವವನ್ನು, ಸೆಕೆಂಡಿಗೆ 5 ಮಿಲಿಲೀಟರಿನಂತೆ ಒಟ್ಟು 50 ಮಿಲಿಲೀಟರ್ ಕೊಟ್ಟು, ಅದರ ಹಿಂದೆಯೇ ಸಲೈನ್ ತಳ್ಳುತ್ತೇವೆ. 80 ಕೆವಿಯ ಎಕ್ಸ್-ರೇ ವೋಲ್ಟೇಜ್‌ನಲ್ಲಿ, ಒಂದೂವರೆ ಸೆಕೆಂಡಿಗೊಮ್ಮೆ, 60 ಸೆಕೆಂಡುಗಳವರೆಗೆ ಯಕೃತ್ತಿನ ಅದೇ ಭಾಗದ ಚಿತ್ರಗಳನ್ನು ಮತ್ತೆ ಮತ್ತೆ ತೆಗೆಯುತ್ತೇವೆ. ಡಿಎಲ್‌ಪಿ, ಅಂದರೆ ಇಡೀ ಸ್ಕ್ಯಾನಿನ ಒಟ್ಟು ವಿಕಿರಣದ ಅಳತೆ, ಸುಮಾರು 900 ಬರುತ್ತಿದೆ.

ನನ್ನ ತೊಡಕು ಒಬ್ಬ ರೋಗಿಯ ಫಲಿತಾಂಶದಿಂದ ಶುರುವಾಯಿತು. ಅವರಿಗೆ ಸಿರೋಸಿಸ್ ಇರುವುದು ಖಚಿತ. ಯಕೃತ್ತಿನ ಅಂಚು ಗಂಟುಗಂಟಾಗಿದೆ, ಗುಲ್ಮ ದೊಡ್ಡದಾಗಿದೆ. ಸ್ಲೋಪ್ ವಿಧಾನದ (ಅಂಗ ಬೆಳಗುವ ವೇಗದಿಂದ ಹರಿವನ್ನು ಲೆಕ್ಕ ಹಾಕುವ) ಸಾಫ್ಟ್‌ವೇರ್‌ನಲ್ಲಿ ಬಲ ಹಾಲೆಯನ್ನು ಅಳೆದಾಗ ಅಪಧಮನಿಯ ಹರಿವು 24, ಪೋರ್ಟಲ್ ಸಿರೆಯ (ಕರುಳು, ಗುಲ್ಮಗಳಿಂದ ಯಕೃತ್ತಿಗೆ ರಕ್ತ ತರುವ ನಾಳದ) ಹರಿವು 46, ಒಟ್ಟು 70 ಬಂತು. ಇವೆಲ್ಲವೂ 100 ಮಿಲಿಲೀಟರ್ ಅಂಗಾಂಶಕ್ಕೆ ನಿಮಿಷಕ್ಕೆ ಇಷ್ಟು ಮಿಲಿಲೀಟರ್ ಎಂಬ ಲೆಕ್ಕದವು. ಅಪಧಮನಿಯ ಪಾಲು ಶೇ 34 ಆಯಿತು. ಅದೇ ಚಿತ್ರಗಳನ್ನು, ಅಪಧಮನಿ ಮತ್ತು ಪೋರ್ಟಲ್ ಸಿರೆ ಎಂಬ ಎರಡು ಒಳಹರಿವಿನ ಗಣಿತ ಮಾದರಿಯನ್ನು ಬಳಸುವ ಇನ್ನೊಂದು ಸಾಫ್ಟ್‌ವೇರ್‌ಗೆ ಹಾಕಿದಾಗ ಅಪಧಮನಿಯದು 22, ಪೋರ್ಟಲ್ 86, ಒಟ್ಟು 108, ಅಪಧಮನಿಯ ಪಾಲು ಶೇ 20 ಎಂದು ತೋರಿಸಿತು. ಮೊದಲನೆಯದನ್ನು ನಂಬಿದರೆ ಇದು ಕಾಯಿಲೆಯ ಯಕೃತ್ತು, ಎರಡನೆಯದನ್ನು ನಂಬಿದರೆ ಆರೋಗ್ಯವಂತರ ಯಕೃತ್ತು. ಮಾದರಿ ಆಧಾರಿತ ವಿಧಾನವೇ ಹೆಚ್ಚು ನಿಖರ ಎಂದು ಓದಿದ್ದೇನೆ. ಆದರೆ ಇಲ್ಲಿ ಅದೇ ತಪ್ಪುತ್ತಿರುವಂತೆ ಕಾಣುತ್ತಿದೆ. ಇಂಥ ವ್ಯತ್ಯಾಸ ಎಲ್ಲಿಂದ ಬರುತ್ತದೆ? ಪ್ರಬಂಧದಲ್ಲಿ ನಾನು ಯಾವುದನ್ನು ಬರೆಯಬೇಕು?

ಸ್ಲೋಪ್ ವಿಧಾನದಲ್ಲಿ ಸಿಕ್ಕ ಮೂಲ ಅಂಕಿಗಳನ್ನೂ ಕೊಡುತ್ತೇನೆ. ಮಹಾಪಧಮನಿಯ ಗರಿಷ್ಠ ಏರಿಕೆ 260 ಹೌನ್ಸ್‌ಫೀಲ್ಡ್ (ಸಿಟಿ ಚಿತ್ರದ ಬೆಳಗುವಿಕೆಯ ಮಾನ), ಪೋರ್ಟಲ್ ಸಿರೆಯದು 138. ಯಕೃತ್ತಿನ ರೇಖೆಯ (ಸಮಯಕ್ಕೆ ತಕ್ಕಂತೆ ಬೆಳಗುವಿಕೆ ಬದಲಾಗುವುದನ್ನು ತೋರಿಸುವ ಗ್ರಾಫಿನ) ಗರಿಷ್ಠ ಏರುವೇಗ ಮೊದಲ ಹಂತದಲ್ಲಿ ಸೆಕೆಂಡಿಗೆ 1.04, ಎರಡನೇ ಹಂತದಲ್ಲಿ 1.06.

ಉತ್ತರ: ವೈದ್ಯಕೀಯ ಭೌತಶಾಸ್ತ್ರಜ್ಞ

ಮೂಲ ಅಂಕಿಗಳನ್ನೂ ಕೊಟ್ಟಿದ್ದೀರಿ, ಆದ್ದರಿಂದ ಊಹೆಯ ಬದಲು ಲೆಕ್ಕವನ್ನೇ ಮಾಡಬಹುದು. ಮೊದಲು ಈ ಅಳತೆಯ ತಳಹದಿಯನ್ನು ಒಂದಿಷ್ಟು ವಿವರವಾಗಿ ಹೇಳುತ್ತೇನೆ, ಏಕೆಂದರೆ ನಿಮ್ಮ ಪ್ರಶ್ನೆಯ ಉತ್ತರ ಅಲ್ಲಿಯೇ ಇದೆ.

ಸಿಟಿ ಯಂತ್ರ ರಕ್ತದ ಹರಿವನ್ನು ನೇರವಾಗಿ ಕಾಣುವುದಿಲ್ಲ. ಅದು ಕಾಣುವುದು ಅಯೋಡಿನ್ ಬಂದಾಗ ಹೌನ್ಸ್‌ಫೀಲ್ಡ್ ಅಂಕಿ ಎಷ್ಟು ಏರಿತು ಎಂಬುದನ್ನು ಮಾತ್ರ. ಈ ಏರಿಕೆ ಅಯೋಡಿನ್ನಿನ ಸಾಂದ್ರತೆಗೆ ಅನುಪಾತದಲ್ಲಿರುವುದರಿಂದ, ಎಂ.ಆರ್.ಐ.ಯಲ್ಲಿ ಇಲ್ಲದ ಒಂದು ಅನುಕೂಲ ಇಲ್ಲಿದೆ: ರೇಖೆಯಲ್ಲಿ ಎರಡು ಪಟ್ಟು ಏರಿಕೆ ಕಂಡರೆ ಅಯೋಡಿನ್ ಎರಡು ಪಟ್ಟು ಇದೆ ಎಂದೇ ಅರ್ಥ. ಒಳಗೆ ಬಂದದ್ದರಲ್ಲಿ ಹೊರಗೆ ಹೋದದ್ದನ್ನು ಕಳೆದರೆ ಉಳಿದದ್ದು ಅಂಗದಲ್ಲಿದೆ ಎಂಬ, ಅಡಾಲ್ಫ್ ಫಿಕ್ 1870ರಲ್ಲಿ ಮುಂದಿಟ್ಟ ತತ್ತ್ವವೇ ಉಳಿದೆಲ್ಲ ಲೆಕ್ಕಗಳಿಗೂ ಆಧಾರ. 1980ರಲ್ಲಿ ಲಿಯಾನ್ ಆಕ್ಸೆಲ್ ಮೆದುಳಿನ ರಕ್ತಹರಿವನ್ನು ವೇಗದ ಸಿಟಿ ಚಿತ್ರಗಳಿಂದ ಲೆಕ್ಕ ಹಾಕುವ ದಾರಿಯನ್ನು ತೋರಿಸಿದರು. 1991ರಲ್ಲಿ ಕೆನ್ ಮೈಲ್ಸ್ ಮತ್ತು ಸಹೋದ್ಯೋಗಿಗಳು ಸ್ಲೋಪ್ ವಿಧಾನದಿಂದ ಬಣ್ಣದ ನಕ್ಷೆಗಳನ್ನು ತಯಾರಿಸಿದರು. 1993ರಲ್ಲಿ ಅದನ್ನು ಯಕೃತ್ತಿಗೆ ಅನ್ವಯಿಸಿದರು.

ಮೆದುಳಿಗೂ ಯಕೃತ್ತಿಗೂ ಇರುವ ದೊಡ್ಡ ವ್ಯತ್ಯಾಸವೆಂದರೆ ಯಕೃತ್ತಿಗೆ ರಕ್ತ ಎರಡು ಬಾಗಿಲುಗಳಿಂದ ಬರುತ್ತದೆ. ಸುಮಾರು ಮುಕ್ಕಾಲು ಪಾಲು ಪೋರ್ಟಲ್ ಸಿರೆಯಿಂದ, ಉಳಿದ ಕಾಲು ಪಾಲು ಅಪಧಮನಿಯಿಂದ. ಅಪಧಮನಿಯ ಕಾಂಟ್ರಾಸ್ಟ್ ಮೊದಲು ಬಂದುಬಿಡುತ್ತದೆ. ಪೋರ್ಟಲ್ ಸಿರೆಯದು ಕರುಳು ಮತ್ತು ಗುಲ್ಮವನ್ನು ಸುತ್ತಿಕೊಂಡು, ತೆಳ್ಳಗಾಗಿ, ತಡವಾಗಿ ತಲುಪುತ್ತದೆ. ಈ ಎರಡನ್ನು ಬೇರ್ಪಡಿಸುವ ಗೆರೆಯಾಗಿ ಸ್ಲೋಪ್ ವಿಧಾನ ಗುಲ್ಮದ ಗರಿಷ್ಠ ಬಿಂದುವನ್ನು ಬಳಸುತ್ತದೆ. ಅದಕ್ಕಿಂತ ಮುಂಚಿನ ಏರಿಕೆಯನ್ನು ಅಪಧಮನಿಯ ಖಾತೆಗೂ ನಂತರದ ಏರಿಕೆಯನ್ನು ಪೋರ್ಟಲ್ ಖಾತೆಗೂ ಹಾಕುತ್ತದೆ.

ಈಗ ನಿಮ್ಮ ಅಂಕಿಗಳನ್ನು ನೋಡೋಣ. 1.04 ಅನ್ನು 260ರಿಂದ ಭಾಗಿಸಿದರೆ ಸೆಕೆಂಡಿಗೆ 0.004; ಅದನ್ನು 60ರಿಂದ ಗುಣಿಸಿದರೆ ನಿಮಿಷಕ್ಕೆ 0.24, ಅಂದರೆ 100 ಮಿಲಿಲೀಟರ್ ಅಂಗಾಂಶಕ್ಕೆ 24 ಮಿಲಿಲೀಟರ್. ಹಾಗೆಯೇ 1.06 ಅನ್ನು 138ರಿಂದ ಭಾಗಿಸಿ ಲೆಕ್ಕ ಮಾಡಿದರೆ 46. ಇಡೀ ವಿಧಾನ ಇಷ್ಟೇ. ಕಾಗದದ ಮೇಲೆಯೇ ಪರಿಶೀಲಿಸಬಹುದು ಎಂಬುದು ಅದರ ಬಲ. ಅದರ ದೌರ್ಬಲ್ಯವೂ ಇಲ್ಲೇ ಇದೆ. ಯಕೃತ್ತಿನ ರೇಖೆ ಅತಿ ವೇಗವಾಗಿ ಏರುವ ಗಳಿಗೆಯವರೆಗೆ ಅಯೋಡಿನ್ ಹೊರಗೆ ಹೋಗಿಯೇ ಇಲ್ಲ ಎಂದು ಈ ವಿಧಾನ ಭಾವಿಸುತ್ತದೆ. ಅಪಧಮನಿಯ ಹಂತದಲ್ಲಿ ಅದು ಬಹುಮಟ್ಟಿಗೆ ನಿಜ. ಪೋರ್ಟಲ್ ಹಂತದ ಹೊತ್ತಿಗೆ ಮೊದಲು ಬಂದ ಅಯೋಡಿನ್ ಯಕೃತ್ತಿನ ಸಿರೆಗಳ ಮೂಲಕ ಹೊರಬೀಳಲು ಶುರುವಾಗಿರುತ್ತದೆ. ಆದ್ದರಿಂದ ಸ್ಲೋಪ್ ವಿಧಾನ ಪೋರ್ಟಲ್ ಹರಿವನ್ನು ಕಡಿಮೆ ತೋರಿಸುವ ಕಡೆಗೇ ವಾಲುತ್ತದೆ. ಕಾಂಟ್ರಾಸ್ಟ್ ಅನ್ನು ನಿಧಾನವಾಗಿ ಕೊಟ್ಟಷ್ಟೂ ಈ ದೋಷ ಹೆಚ್ಚುತ್ತದೆ.

ಎರಡು ಒಳಹರಿವಿನ, ಒಂದೇ ಕೋಣೆಯ ಮಾದರಿಯನ್ನು ಮಾಟೆರ್ನ್ ಮತ್ತು ಸಂಗಡಿಗರು 2000ದಲ್ಲಿ ಪ್ರಕಟಿಸಿದರು. ಅದರಲ್ಲಿ ಹೊರಹರಿವೂ ಲೆಕ್ಕಕ್ಕೆ ಬರುತ್ತದೆ. ಮಹಾಪಧಮನಿಯ ರೇಖೆ, ಪೋರ್ಟಲ್ ಸಿರೆಯ ರೇಖೆ, ಇವೆರಡೂ ಯಕೃತ್ತನ್ನು ತಲುಪಲು ತೆಗೆದುಕೊಳ್ಳುವ ತಡ, ಇಷ್ಟನ್ನು ಇಟ್ಟುಕೊಂಡು ಯಕೃತ್ತಿನ ಇಡೀ ರೇಖೆಗೆ ಹೊಂದುವ ಅಂಕಿಗಳನ್ನು ಕಂಪ್ಯೂಟರ್ ಹುಡುಕುತ್ತದೆ. ಒಟ್ಟು ಹರಿವಿನ ಜೊತೆಗೆ ಅಪಧಮನಿಯ ಪಾಲು, ಕಾಂಟ್ರಾಸ್ಟ್ ಹರಡಿಕೊಳ್ಳುವ ಪ್ರಮಾಣ, ಅದು ಯಕೃತ್ತನ್ನು ಹಾದುಹೋಗಲು ಹಿಡಿಯುವ ಸರಾಸರಿ ಸಮಯ ಕೂಡ ಸಿಗುತ್ತವೆ. ವಿಧಾನವಾಗಿ ಇದು ಉತ್ತಮ ಎಂಬ ನಿಮ್ಮ ಮಾತು ಸರಿ. ಆದರೆ ಉತ್ತಮ ಮಾದರಿಗೆ ಕೆಟ್ಟ ರೇಖೆ ಕೊಟ್ಟರೆ ಅದು ಅಷ್ಟೇ ಶ್ರದ್ಧೆಯಿಂದ ಕೆಟ್ಟ ಉತ್ತರ ಕೊಡುತ್ತದೆ.

ನಿಮ್ಮ ಎರಡು ಫಲಿತಾಂಶಗಳಲ್ಲಿ ಅಪಧಮನಿಯ ಅಂಕಿ ಹೆಚ್ಚುಕಡಿಮೆ ಒಂದೇ ಇದೆ, 24 ಮತ್ತು 22. ಬದಲಾದದ್ದು ಪೋರ್ಟಲ್ ಅಂಕಿ ಮಾತ್ರ, ಅದೂ ಸುಮಾರು ಎರಡು ಪಟ್ಟು. ಸ್ಲೋಪ್ ವಿಧಾನದ ಸಹಜ ಕೊರತೆಯೊಂದರಿಂದಲೇ ಇಷ್ಟು ಅಂತರ ಬಂದಿದೆ ಎಂದು ಒಪ್ಪುವುದು ನನಗೆ ಕಷ್ಟ. ಆದ್ದರಿಂದ ನನ್ನ ಅನುಮಾನ ಪೋರ್ಟಲ್ ಸಿರೆಯ ಒಳಹರಿವಿನ ರೇಖೆಯ ಮೇಲಿದೆ. ಒಳಬಂದ ಅಯೋಡಿನ್ ಕಡಿಮೆ ಎಂದು ಸಾಫ್ಟ್‌ವೇರ್‌ಗೆ ತೋರಿದರೆ, ಅಷ್ಟು ತೆಳ್ಳಗಿನ ರಕ್ತದಿಂದ ಯಕೃತ್ತು ಇಷ್ಟು ಬೆಳಗಬೇಕಾದರೆ ರಕ್ತ ಬಹಳ ಹೆಚ್ಚು ಹರಿದಿರಬೇಕು ಎಂದು ಅದು ತೀರ್ಮಾನಿಸುತ್ತದೆ. ಎರಡನೇ ಸಾಫ್ಟ್‌ವೇರ್‌ನಲ್ಲಿ ಪೋರ್ಟಲ್ ರೇಖೆಯ ಗರಿಷ್ಠ ಎಷ್ಟಿದೆ ಎಂದು ದಯವಿಟ್ಟು ನೋಡಿ ತಿಳಿಸಿ. ಜೊತೆಗೆ, ಅದು ಹೆಮಟೋಕ್ರಿಟ್ (ರಕ್ತದಲ್ಲಿ ಕೆಂಪು ರಕ್ತಕಣಗಳ ಪಾಲು) ತಿದ್ದುಪಡಿ ಮಾಡುತ್ತದೆಯೇ ಎಂಬುದನ್ನೂ ನೋಡಿ. ಕಾಂಟ್ರಾಸ್ಟ್ ಇರುವುದು ಪ್ಲಾಸ್ಮಾದಲ್ಲಿ ಮಾತ್ರ, ಕೆಂಪು ರಕ್ತಕಣಗಳ ಒಳಗೆ ಅದು ಹೋಗುವುದಿಲ್ಲ. ಆದ್ದರಿಂದ ಉತ್ತರ ಪ್ಲಾಸ್ಮಾ ಹರಿವೋ ರಕ್ತದ ಹರಿವೋ ಎಂಬುದು ತಿಳಿಯದೆ ಎರಡು ಸಾಫ್ಟ್‌ವೇರ್‌ಗಳನ್ನು ಹೋಲಿಸುವಂತಿಲ್ಲ.

ಉತ್ತರ: ಸಿಟಿ ತಂತ್ರಜ್ಞ

ಮೇಡಂ, ಸರ್ ಹೇಳಿದ ಲೆಕ್ಕದ ಬಗ್ಗೆ ನಾನು ಸೇರಿಸುವಂಥದ್ದೇನೂ ಇಲ್ಲ. ಆದರೆ ಹದಿನೆಂಟು ವರ್ಷಗಳಿಂದ ಸ್ಕ್ಯಾನ್ ಕೊಠಡಿಯಲ್ಲಿ ನಿಂತು ಕೆಲಸ ಮಾಡುತ್ತಿರುವವನಾಗಿ ಒಂದು ಮಾತು ಹೇಳಬಯಸುತ್ತೇನೆ. ಪರ್ಫ್ಯೂಷನ್ ಅಳತೆ ಕೆಡುವುದು ಬಹುಪಾಲು ಉಸಿರಿನಿಂದ.

ಅರವತ್ತು ಸೆಕೆಂಡು ಉಸಿರು ಹಿಡಿಯುವುದು ಆರೋಗ್ಯವಂತರಿಗೇ ಕಷ್ಟ. ಹೊಟ್ಟೆಯಲ್ಲಿ ನೀರು ತುಂಬಿರುವ ಸಿರೋಸಿಸ್ ರೋಗಿಗೆ ಅದು ಆಗದ ಮಾತು. ಮೂವತ್ತನೇ ಸೆಕೆಂಡಿನ ಆಸುಪಾಸಿನಲ್ಲಿ ಅವರು ತಡೆಯಲಾರದೆ ಒಮ್ಮೆ ಜೋರಾಗಿ ಉಸಿರು ಬಿಡುತ್ತಾರೆ, ಮರುಕ್ಷಣವೇ ಆಳವಾಗಿ ಎಳೆದುಕೊಳ್ಳುತ್ತಾರೆ. ವಪೆಯ ಕೆಳಗಿರುವ ಯಕೃತ್ತು ಆಗ ಒಂದೆರಡು ಸೆಂಟಿಮೀಟರ್ ಜಾರುತ್ತದೆ. ಪೋರ್ಟಲ್ ಸಿರೆಯ ಅಗಲವೇ ಒಂದು ಸೆಂಟಿಮೀಟರಿಗಿಂತ ತುಸು ಹೆಚ್ಚು. ಹಾಗಿರುವಾಗ ಸಿರೆಯ ನಡುವೆ ಇಟ್ಟ ಆರ್‌ಓಐ (ಅಳೆಯುವ ಜಾಗವನ್ನು ಗುರುತಿಸುವ) ವೃತ್ತ ಇದ್ದಲ್ಲೇ ಇದ್ದು, ಸಿರೆ ಮಾತ್ರ ಪಕ್ಕಕ್ಕೆ ಸರಿದುಬಿಡುತ್ತದೆ. ಇನ್ನೂ ದುರದೃಷ್ಟವೆಂದರೆ ಪೋರ್ಟಲ್ ಸಿರೆ ಅತಿ ಹೆಚ್ಚು ಬೆಳಗುವ ಹೊತ್ತೂ ಹೆಚ್ಚುಕಡಿಮೆ ಅದೇ. ಮಹಾಪಧಮನಿ ಬೆನ್ನುಮೂಳೆಗೆ ಒರಗಿಕೊಂಡಿರುವುದರಿಂದ ಅಷ್ಟು ಅಲುಗುವುದಿಲ್ಲ. ಅದರ ರೇಖೆ ಅಂದವಾಗಿಯೇ ಬರುತ್ತದೆ. ನಿಮ್ಮ ಅಪಧಮನಿಯ ಅಂಕಿ ಎರಡೂ ಕಡೆ ಒಂದೇ ಬಂದಿರುವುದಕ್ಕೆ ಇದೇ ಕಾರಣವಿರಬಹುದು ಎಂದು ನನಗೆ ಅನ್ನಿಸುತ್ತದೆ.

ನಾನು ಅನುಸರಿಸುವ ಕ್ರಮವನ್ನು ಹೇಳುತ್ತೇನೆ. ರೋಗಿಯನ್ನು ಮೇಜಿನ ಮೇಲೆ ಮಲಗಿಸಿದ ಮೇಲೆ ಯಂತ್ರದ ಕಡೆ ಹೋಗುವ ಮುಂಚೆ ಅವರ ಪಕ್ಕದಲ್ಲೇ ಐದು ನಿಮಿಷ ನಿಲ್ಲುತ್ತೇನೆ. ನನ್ನ ಅಂಗೈಯನ್ನು ಅವರ ಹೊಕ್ಕುಳಿನ ಮೇಲ್ಭಾಗದಲ್ಲಿ ಮೆಲ್ಲಗೆ ಇಟ್ಟು, “ನನ್ನ ಕೈ ಮೇಲೇಳದ ಹಾಗೆ, ಮೂಗಿನ ತುದಿಯಲ್ಲೇ ಉಸಿರಾಡಿ” ಎಂದು ಹೇಳುತ್ತೇನೆ. ಮೊದಲ ಒಂದೆರಡು ಸಲ ಕೈ ಏರಿಳಿಯುತ್ತದೆ, ಆಮೇಲೆ ಅವರಿಗೇ ತಿಳಿಯುತ್ತದೆ. ಉಸಿರು ಹಿಡಿಯಿರಿ ಎಂದು ಹೇಳುವುದನ್ನು ನಾನು ಈ ಪರೀಕ್ಷೆಗೆ ಬಿಟ್ಟೇಬಿಟ್ಟಿದ್ದೇನೆ. ಸಮನಾದ ಸಣ್ಣ ಉಸಿರನ್ನು ಸಾಫ್ಟ್‌ವೇರ್‌ನ ಚಲನೆ ತಿದ್ದುಪಡಿ ಸರಿಪಡಿಸಬಲ್ಲದು. ಮಧ್ಯದಲ್ಲಿ ಬರುವ ಒಂದು ದೊಡ್ಡ ನಿಟ್ಟುಸಿರನ್ನು ಸರಿಪಡಿಸಲಾರದು. ಹೊಟ್ಟೆಯ ಸುತ್ತ ಅಗಲವಾದ ಪಟ್ಟಿ ಕಟ್ಟುವುದರಿಂದಲೂ ಅನುಕೂಲವಾಗುತ್ತದೆ, ಆದರೆ ಹೊಟ್ಟೆಯಲ್ಲಿ ನೀರು ಹೆಚ್ಚಿದ್ದವರಿಗೆ ಅದರಿಂದ ಉಸಿರುಕಟ್ಟುವಂತಾಗುತ್ತದೆ, ಬೇಡ.

ಎರಡನೆಯದಾಗಿ ಸೂಜಿಯ ವಿಷಯ. ಸೆಕೆಂಡಿಗೆ 5 ಮಿಲಿಲೀಟರ್ ಹೋಗಬೇಕಾದರೆ ಮೊಣಕೈ ಮಡಿಕೆಯ ದಪ್ಪ ನಾಳದಲ್ಲಿ 18 ಗೇಜ್ ಕ್ಯಾನುಲಾ ಇರಬೇಕು. ವಾರ್ಡಿನಿಂದ ಕೈಬೆನ್ನಿನ ಮೇಲೆ 22 ಗೇಜ್ ಹಾಕಿಕೊಂಡು ಬಂದವರಿಗೆ ಅದರಲ್ಲೇ ಕೊಟ್ಟರೆ ಕಾಂಟ್ರಾಸ್ಟ್ ಚರ್ಮದಡಿ ಸೋರುವ ಅಪಾಯ ಹೆಚ್ಚು. ವೇಗ ತಗ್ಗಿಸಿ ಕೊಟ್ಟರೆ ಸ್ಲೋಪ್ ಲೆಕ್ಕ ಕೆಡುತ್ತದೆ. ಇನ್ನೊಂದು ವಿಷಯವನ್ನು ತಪ್ಪದೆ ಕೇಳಿ: ರೋಗಿ ಎಷ್ಟು ಹೊತ್ತಿಗೆ ಊಟ ಮಾಡಿದ್ದರು? ಊಟವಾದ ಮೇಲೆ ಕರುಳಿನ ಕಡೆಗೆ ರಕ್ತ ಹೆಚ್ಚಾಗಿ ಹೋಗುತ್ತದೆ, ಅದೆಲ್ಲವೂ ಪೋರ್ಟಲ್ ಸಿರೆಗೇ ಬರುತ್ತದೆ. ಬೆಳಗಿನ ತಿಂಡಿ ತಿಂದು ಬಂದವರನ್ನೂ ರಾತ್ರಿಯಿಂದ ಉಪವಾಸವಿದ್ದವರನ್ನೂ ಒಂದೇ ಪಟ್ಟಿಯಲ್ಲಿ ಬರೆದರೆ ಆ ಪಟ್ಟಿಗೆ ಅರ್ಥವಿರುವುದಿಲ್ಲ.

ಪ್ರಶ್ನೆ ಕೇಳಿದವರಿಂದ

ಇಬ್ಬರಿಗೂ ಮನಃಪೂರ್ವಕ ಧನ್ಯವಾದಗಳು. ನಿಮ್ಮ ಉತ್ತರಗಳನ್ನು ಓದಿದ ಕೂಡಲೇ ವರ್ಕ್‌ಸ್ಟೇಷನ್‌ಗೆ ಹೋಗಿ ಮೂಲ ಚಿತ್ರಗಳನ್ನು ಒಂದೊಂದಾಗಿ ತೆರೆದು ನೋಡಿದೆ. ಇದುವರೆಗೆ ನಾನು ಬಣ್ಣದ ನಕ್ಷೆಯನ್ನೂ ಕೊನೆಯ ಅಂಕಿಗಳನ್ನೂ ನೋಡುತ್ತಿದ್ದೆನೇ ಹೊರತು ರೇಖೆಗಳನ್ನು ತೆರೆದು ನೋಡಿರಲಿಲ್ಲ. ಅದು ನನ್ನ ತಪ್ಪು.

ಎರಡನೇ ಸಾಫ್ಟ್‌ವೇರ್‌ನಲ್ಲಿ ಪೋರ್ಟಲ್ ಸಿರೆಯ ಗರಿಷ್ಠ ಏರಿಕೆ ಬರೀ 84 ಇದೆ. ಮೊದಲನೆಯದರಲ್ಲಿ ಆರ್‌ಓಐಯನ್ನು ನಾನೇ ಕೈಯಾರೆ ಹಾಕಿದ್ದೆ, ಆದ್ದರಿಂದ 138 ಬಂದಿತ್ತು; ಎರಡನೆಯದು ಅದನ್ನು ತಾನೇ ಹುಡುಕಿ ಹಾಕುತ್ತದೆ. ಚಿತ್ರಗಳನ್ನು ಒಂದರ ನಂತರ ಒಂದು ಓಡಿಸಿದಾಗ 28ನೇ ಸೆಕೆಂಡಿನ ಹೊತ್ತಿಗೆ ಇಡೀ ಯಕೃತ್ತು ಒಮ್ಮೆಲೇ ಕೆಳಗೆ ಇಳಿಯುವುದು ಸ್ಪಷ್ಟವಾಗಿ ಕಾಣುತ್ತದೆ. ಅಲ್ಲಿಂದ ಮುಂದೆ ಆ ವೃತ್ತದ ಅರ್ಧ ಭಾಗ ಸಿರೆಯ ಮೇಲೂ ಇನ್ನರ್ಧ ಅದರ ಪಕ್ಕದ ಕೊಬ್ಬಿನ ಮೇಲೂ ಇದೆ. ಪೋರ್ಟಲ್ ರೇಖೆ ಏರುತ್ತಾ ಏರುತ್ತಾ ಬಂದು, ನೆತ್ತಿ ಮುಟ್ಟುವ ಮುಂಚೆಯೇ ಕತ್ತರಿಸಿದಂತೆ ಕುಸಿದಿದೆ. ಹೆಮಟೋಕ್ರಿಟ್ ತಿದ್ದುಪಡಿಯ ಆಯ್ಕೆ ಎರಡರಲ್ಲೂ ಆನ್ ಆಗಿದೆ. ಎರಡೂ ಕೊಡುತ್ತಿರುವುದು ರಕ್ತದ ಹರಿವನ್ನೇ.

ಚಲನೆ ತಿದ್ದುಪಡಿಯನ್ನು ಮತ್ತೆ ಓಡಿಸಿ, ಅದಕ್ಕೂ ಜಗ್ಗದ ನಾಲ್ಕು ಚಿತ್ರಗಳನ್ನು ಕೈಬಿಟ್ಟು, ಪೋರ್ಟಲ್ ಆರ್‌ಓಐಯನ್ನು ಸಿರೆಯ ಒಳಗೇ ಇರುವಂತೆ ಚಿಕ್ಕದಾಗಿ ಹಾಕಿ ಅಳೆದೆ. ಈಗ ಅಪಧಮನಿಯ ಹರಿವು 25, ಪೋರ್ಟಲ್ 53, ಒಟ್ಟು 78, ಅಪಧಮನಿಯ ಪಾಲು ಶೇ 32. ಸ್ಲೋಪ್ ವಿಧಾನದ 70ಕ್ಕೂ ಇದಕ್ಕೂ ಉಳಿದಿರುವ ಅಂತರ, ಹೊರಹರಿವನ್ನು ಲೆಕ್ಕಕ್ಕೆ ಹಿಡಿಯದೆ ಇರುವುದರಿಂದ ಬಂದದ್ದು ಎಂದು ತಿಳಿಯಬಹುದೇ?

ಉತ್ತರ: ವೈದ್ಯಕೀಯ ಭೌತಶಾಸ್ತ್ರಜ್ಞ

ತಿಳಿಯಬಹುದು. ದಿಕ್ಕು ನಿರೀಕ್ಷಿಸಿದಂತೆಯೇ ಇದೆ, ಅಂತರವೂ ಮುಖ್ಯವಾಗಿ ಪೋರ್ಟಲ್ ಅಂಕಿಯಲ್ಲೇ ಇದೆ. ಹಾಗಿದ್ದರೂ ಎರಡು ಸಾಫ್ಟ್‌ವೇರ್‌ಗಳ ಅಂಕಿಗಳನ್ನು ಒಂದೇ ಕೋಷ್ಟಕದಲ್ಲಿ ಬೆರೆಸಬೇಡಿ. ಒಂದನ್ನು ಆರಿಸಿಕೊಂಡು, ಎಲ್ಲ ರೋಗಿಗಳನ್ನೂ ಅದರಲ್ಲೇ ಅಳೆದು, ಸಾಫ್ಟ್‌ವೇರ್‌ನ ಹೆಸರು, ಆವೃತ್ತಿ, ಮಾದರಿ, ಹೆಮಟೋಕ್ರಿಟ್‌ಗೆ ಯಾವ ಮೌಲ್ಯ ಬಳಸಿದೆ ಎಂಬುದನ್ನು ವಿಧಾನದ ಅಧ್ಯಾಯದಲ್ಲಿ ಬರೆಯಿರಿ. ನೀವೇ ಒಂದು ವಾರ ಬಿಟ್ಟು ಅದೇ ಚಿತ್ರಗಳನ್ನು ಇನ್ನೊಮ್ಮೆ ಅಳೆದು, ನಿಮ್ಮ ಎರಡು ಅಳತೆಗಳ ನಡುವೆ ಎಷ್ಟು ವ್ಯತ್ಯಾಸ ಬಂತು ಎಂಬುದನ್ನೂ ಕೊಡಿ. ಅದಕ್ಕಿಂತ ಚಿಕ್ಕ ಬದಲಾವಣೆಯನ್ನು ಯಾವ ರೋಗಿಯಲ್ಲಿ ಕಂಡರೂ ಅದಕ್ಕೆ ಅರ್ಥ ಕಟ್ಟುವಂತಿಲ್ಲ.

ನಿಮ್ಮ 60 ಸೆಕೆಂಡುಗಳ ಅವಧಿಯ ಬಗ್ಗೆಯೂ ನನಗೆ ಸ್ವಲ್ಪ ಅಸಮಾಧಾನವಿದೆ. ಆರೋಗ್ಯವಂತ ಯಕೃತ್ತಿನಲ್ಲಿ ಕಾಂಟ್ರಾಸ್ಟ್ ಹಾದುಹೋಗಲು ಹಿಡಿಯುವ ಸರಾಸರಿ ಸಮಯ ಹದಿನೈದಿಪ್ಪತ್ತು ಸೆಕೆಂಡು. ಸಿರೋಸಿಸ್‌ನಲ್ಲಿ ಅದು ಬಹಳ ಹೆಚ್ಚುತ್ತದೆ. ಹೊರಹರಿವನ್ನು ಸರಿಯಾಗಿ ಕಾಣುವ ಮುಂಚೆಯೇ ಚಿತ್ರ ತೆಗೆಯುವುದನ್ನು ನಿಲ್ಲಿಸಿದರೆ ಆ ಅಂಕಿ ಭರವಸೆಯದ್ದಲ್ಲ. ಮೊದಲ ಅರ್ಧ ನಿಮಿಷ ಈಗಿನಂತೆಯೇ ಇರಲಿ; ನಂತರ ಚಿತ್ರಗಳ ನಡುವಿನ ಅಂತರವನ್ನು ಮೂರು ಸೆಕೆಂಡಿಗೆ, ಆಮೇಲೆ ಐದಾರು ಸೆಕೆಂಡಿಗೆ ಹಿಗ್ಗಿಸಿ ಎರಡು ನಿಮಿಷಗಳವರೆಗೆ ಹೋಗಿ. ಚಿತ್ರಗಳ ಸಂಖ್ಯೆ ಈಗಿರುವ ನಲವತ್ತರ ಆಸುಪಾಸಿನಲ್ಲೇ ಉಳಿಯುತ್ತದೆ, ವಿಕಿರಣ ಹೆಚ್ಚುವುದಿಲ್ಲ.

ವಿಕಿರಣದ ಮಾತು ಬಂದದ್ದರಿಂದ ಅದನ್ನೂ ಹೇಳಿಬಿಡುತ್ತೇನೆ. ಹೊಟ್ಟೆಯ ಭಾಗಕ್ಕೆ ಡಿಎಲ್‌ಪಿಯನ್ನು 0.015ರಿಂದ ಗುಣಿಸುವುದು ರೂಢಿ. ನಿಮ್ಮ 900ಕ್ಕೆ 13.5 ಮಿಲಿಸೀವರ್ಟ್ ಆಗುತ್ತದೆ. ಜಗತ್ತಿನ ಸರಾಸರಿ ಮನುಷ್ಯ ಪ್ರಕೃತಿಯಿಂದಲೇ ವರ್ಷಕ್ಕೆ ಸುಮಾರು 2.4 ಮಿಲಿಸೀವರ್ಟ್ ಪಡೆಯುತ್ತಾನೆ ಎಂಬುದರ ಪಕ್ಕದಲ್ಲಿ ಇಟ್ಟು ನೋಡಿದರೆ ಇದು ಚಿಕ್ಕದಲ್ಲ. 80 ಕೆವಿ ಆರಿಸಿದ್ದು ಒಳ್ಳೆಯದಾಯಿತು. ಅಯೋಡಿನ್ ಅತಿ ಹೆಚ್ಚಾಗಿ ಹೀರುವ 33 ಕಿಲೋ ಎಲೆಕ್ಟ್ರಾನ್ ವೋಲ್ಟ್‌ಗೆ ಅಲ್ಲಿನ ಕಿರಣಗಳು ಹತ್ತಿರವಿರುವುದರಿಂದ ಅದೇ ಪ್ರಮಾಣದ ಕಾಂಟ್ರಾಸ್ಟ್ ಹೆಚ್ಚು ಬೆಳಗುತ್ತದೆ. ಇಂಥ ಚಿತ್ರಗಳಲ್ಲಿ ಕಾಳುಕಾಳಾದ ಗದ್ದಲ ಇರುವುದನ್ನು ಸಹಿಸಿಕೊಳ್ಳಿ. ರೋಗನಿರ್ಣಯದ ಚಿತ್ರದಷ್ಟು ನುಣುಪು ಬೇಕೆಂದು ಎಂಎ (ಎಕ್ಸ್-ರೇ ಕೊಳವೆಯ ವಿದ್ಯುತ್ ಪ್ರವಾಹ) ಏರಿಸಬೇಡಿ.

ಉತ್ತರ: ಉದರ ವಿಭಾಗದ ರೇಡಿಯಾಲಜಿಸ್ಟ್

ಅಳತೆಯ ಬಗ್ಗೆ ಚೆನ್ನಾಗಿ ಚರ್ಚೆಯಾಗಿದೆ. ಅದರ ಹಿಂದಿನ ದೇಹಕ್ರಿಯೆಯ ಬಗ್ಗೆ ನಾನು ಸ್ವಲ್ಪ ಬರೆಯುತ್ತೇನೆ, ಏಕೆಂದರೆ ಪರೀಕ್ಷಕರು ನಿಮ್ಮನ್ನು ಕೇಳುವುದು ಇದನ್ನೇ.

ಆರೋಗ್ಯವಂತ ಯಕೃತ್ತಿನ ಸೂಕ್ಷ್ಮ ರಕ್ತನಾಳಗಳಾದ ಸೈನುಸಾಯ್ಡ್‌ಗಳ ಗೋಡೆ ಜರಡಿಯಂತೆ ತೂತುಗಳಿಂದ ಕೂಡಿರುತ್ತದೆ. ಕಾಂಟ್ರಾಸ್ಟ್ ಅಲ್ಲಿಂದ ಯಾವ ತಡೆಯೂ ಇಲ್ಲದೆ ಜೀವಕೋಶಗಳ ಪಕ್ಕದ ಡಿಸ್ಸೆ ಅವಕಾಶಕ್ಕೆ ಹೋಗಿ ಬರುತ್ತದೆ. ಒಂದೇ ಕೋಣೆಯ ಮಾದರಿ ಯಕೃತ್ತಿಗೆ ಒಪ್ಪುವುದು ಈ ಕಾರಣದಿಂದ. ನಾಳದ ಒಳಗು, ಹೊರಗು ಎಂಬ ಎರಡು ಕೋಣೆಗಳ ನಡುವೆ ಅಲ್ಲಿ ಬಾಗಿಲೇ ಇಲ್ಲ. ಸಿರೋಸಿಸ್‌ನಲ್ಲಿ ಆ ಜಾಗದಲ್ಲಿ ಕೊಲಾಜನ್ ತುಂಬಿಕೊಳ್ಳುತ್ತದೆ, ತೂತುಗಳು ಮುಚ್ಚಿಹೋಗುತ್ತವೆ, ಸೈನುಸಾಯ್ಡ್‌ಗಳು ಸಾಮಾನ್ಯ ಲೋಮನಾಳಗಳಂತೆ ಆಗಿಬಿಡುತ್ತವೆ. ಹೀಗಾಗಿ ಕಾಂಟ್ರಾಸ್ಟ್ ಹರಡುವ ಪ್ರಮಾಣ ತಗ್ಗುತ್ತದೆ, ಹರಿವಿಗೆ ತಡೆ ಹೆಚ್ಚಿ ಪೋರ್ಟಲ್ ರಕ್ತ ಕಡಿಮೆಯಾಗುತ್ತದೆ, ಅದರ ಒಂದು ಭಾಗ ಅನ್ನನಾಳದ ಬಳಿಯ ಸಿರೆಗಳಂಥ ಅಡ್ಡದಾರಿಗಳನ್ನು ಹಿಡಿಯುತ್ತದೆ.

ಪೋರ್ಟಲ್ ಹರಿವು ತಗ್ಗಿದಾಗ ಅಪಧಮನಿ ಹಿಗ್ಗಿ ಆ ಕೊರತೆಯನ್ನು ಒಂದಿಷ್ಟು ತುಂಬುತ್ತದೆ. 1981ರಲ್ಲಿ ಲಾಟ್ ಇದನ್ನು ಯಕೃತ್ ಅಪಧಮನಿಯ ಬಫರ್ ಪ್ರತಿಕ್ರಿಯೆ ಎಂದು ಕರೆದರು. ಸಾಮಾನ್ಯವಾಗಿ ಪೋರ್ಟಲ್ ರಕ್ತ ತೊಳೆದುಕೊಂಡು ಹೋಗುವ ಅಡಿನೊಸಿನ್ ಎಂಬ ರಾಸಾಯನಿಕ, ಹರಿವು ಕಡಿಮೆಯಾದಾಗ ಅಲ್ಲೇ ಉಳಿದು ಅಪಧಮನಿಯನ್ನು ಸಡಿಲಿಸುತ್ತದೆ ಎಂಬುದು ಅವರ ವಿವರಣೆ. ಈ ಹೊಂದಾಣಿಕೆ ನಷ್ಟವನ್ನು ಪೂರ್ತಿ ತುಂಬಲಾರದು, ಆದ್ದರಿಂದ ಒಟ್ಟು ಹರಿವು ಕುಗ್ಗುತ್ತದೆ, ಅಪಧಮನಿಯ ಪಾಲು ಏರುತ್ತದೆ. ವ್ಯಾನ್ ಬೀರ್ಸ್ ಮತ್ತು ಸಂಗಡಿಗರು 2001ರಲ್ಲಿ ಪ್ರಕಟಿಸಿದ ಅಳತೆಗಳಲ್ಲಿ ಒಟ್ಟು ಹರಿವು ಆರೋಗ್ಯವಂತರಲ್ಲಿ ಸರಾಸರಿ 108, ಸಿರೋಸಿಸ್ ಇದ್ದವರಲ್ಲಿ 67. ಅಪಧಮನಿಯ ಪಾಲು ಶೇ 17ರಿಂದ ಶೇ 41ಕ್ಕೆ ಏರಿತ್ತು. ನಿಮ್ಮ ರೋಗಿಯ ತಿದ್ದಿದ ಅಂಕಿಗಳು ಈ ಎರಡರ ನಡುವೆ, ಸಿರೋಸಿಸ್ ಕಡೆಗೆ ವಾಲಿಕೊಂಡು ಬೀಳುತ್ತವೆ. ಆದರೆ ಅವರ ಗುಂಪುಗಳ ಒಳಗೇ ವ್ಯಕ್ತಿಯಿಂದ ವ್ಯಕ್ತಿಗೆ ಬಹಳ ವ್ಯತ್ಯಾಸವಿತ್ತು ಎಂಬುದನ್ನು ಮರೆಯಬೇಡಿ. ಒಬ್ಬ ರೋಗಿಯ ಒಂದು ಅಂಕಿಯನ್ನು ಹಿಡಿದು ಸಿರೋಸಿಸ್ ಇದೆ, ಇಲ್ಲ ಎಂದು ಹೇಳಲು ಈ ಪರೀಕ್ಷೆ ಸಾಲದು.

ಅಪಧಮನಿಯ ಪಾಲು ಏರಲು ಬೇರೆ ಕಾರಣಗಳೂ ಇವೆ. ಪೋರ್ಟಲ್ ಸಿರೆಯಲ್ಲಿ ರಕ್ತ ಹೆಪ್ಪುಗಟ್ಟಿದ್ದರೆ ಏರುತ್ತದೆ, ಅಪಧಮನಿಗೂ ಪೋರ್ಟಲ್ ಸಿರೆಗೂ ನೇರ ಕೂಡುದಾರಿ ಆಗಿದ್ದರೂ ಏರುತ್ತದೆ. ಯಕೃತ್ಕೋಶದ ಕ್ಯಾನ್ಸರ್ ಗಡ್ಡೆ ಬಹುತೇಕ ಅಪಧಮನಿಯ ರಕ್ತದಿಂದಲೇ ಬದುಕುವುದರಿಂದ ಅದರೊಳಗೆ ಈ ಪಾಲು ಶೇ 100ರ ಹತ್ತಿರ ಹೋಗಬಹುದು. ನಿಮ್ಮ ಆರ್‌ಓಐ ಗಡ್ಡೆಯಿಂದ ದೂರವಿರಲಿ. ನನ್ನ ಅನುಭವದಲ್ಲಿ ಈ ಪರೀಕ್ಷೆ ನಿಜವಾಗಿ ಕೈಹಿಡಿಯುವುದು ಇಂಥ ಗಡ್ಡೆಗಳ ಚಿಕಿತ್ಸೆಯ ನಂತರ. ಗಡ್ಡೆಯ ಗಾತ್ರ ಕುಗ್ಗುವ ಮುಂಚೆಯೇ ಅದರೊಳಗಿನ ಅಪಧಮನಿಯ ಹರಿವು ಕುಸಿದದ್ದನ್ನು ಇದು ತೋರಿಸಬಲ್ಲದು. ಲಿಪಿಯೋಡಾಲ್ ಎಂಬ ಎಣ್ಣೆ ಬಳಸಿ ಕೀಮೋಎಂಬೊಲೈಸೇಷನ್ (ಗಡ್ಡೆಯ ರಕ್ತನಾಳಕ್ಕೆ ಔಷಧಿ ಕೊಟ್ಟು ಅದನ್ನು ಮುಚ್ಚುವ ಚಿಕಿತ್ಸೆ) ಮಾಡಿದ ಗಡ್ಡೆಗಳಲ್ಲಿ ಮಾತ್ರ ಅಳೆಯಲು ಹೋಗಬೇಡಿ. ಗಡ್ಡೆಯಲ್ಲಿ ಉಳಿದ ಆ ಎಣ್ಣೆಯೇ ಅಯೋಡಿನ್ ತುಂಬಿ ಬೆಳ್ಳಗೆ ಹೊಳೆಯುತ್ತಿರುವಾಗ ಮೇಲಿನಿಂದ ಬಂದ ಕೆಲವೇ ಹೌನ್ಸ್‌ಫೀಲ್ಡ್‌ಗಳ ಏರಿಕೆ ಕಣ್ಣಿಗೂ ಸಿಗುವುದಿಲ್ಲ, ಲೆಕ್ಕಕ್ಕೂ ಸಿಗುವುದಿಲ್ಲ.

ಒಬ್ಬ ಓದುಗರ ಪ್ರಶ್ನೆ

ನಾನು ವೈದ್ಯನಲ್ಲ. ನಮ್ಮ ತಂದೆಯವರಿಗೆ ಸಿರೋಸಿಸ್ ಇದೆ, ಹೋದ ವರ್ಷ ಗೊತ್ತಾಯಿತು. ಇಲ್ಲಿಯ ಚರ್ಚೆ ಓದಿದ ಮೇಲೆ, ಅವರಿಗೂ ಈ ರಕ್ತಹರಿವಿನ ಸ್ಕ್ಯಾನ್ ಮಾಡಿಸಿ ಕಾಯಿಲೆ ಎಷ್ಟು ಮುಂದುವರಿದಿದೆ ಎಂದು ತಿಳಿದುಕೊಳ್ಳುವುದು ಒಳ್ಳೆಯದೇ ಎಂಬ ಯೋಚನೆ ಬಂತು. ದಯವಿಟ್ಟು ತಿಳಿಸಿಕೊಡಿ.

ಉತ್ತರ: ಉದರ ವಿಭಾಗದ ರೇಡಿಯಾಲಜಿಸ್ಟ್

ನಿಮ್ಮ ಕಾಳಜಿ ಅರ್ಥವಾಗುತ್ತದೆ, ಆದರೆ ಬೇಡ ಎಂದೇ ಹೇಳುತ್ತೇನೆ. ಇದು ಸದ್ಯಕ್ಕೆ ಮುಖ್ಯವಾಗಿ ಸಂಶೋಧನೆಗೂ ಕೆಲವು ಕ್ಯಾನ್ಸರ್ ಚಿಕಿತ್ಸೆಗಳ ಪರಿಶೀಲನೆಗೂ ಬಳಸುವ ಪರೀಕ್ಷೆ. ವಿಕಿರಣವೂ ಇದೆ, ಮೂತ್ರಪಿಂಡ ದುರ್ಬಲವಾಗಿದ್ದರೆ ಕಾಂಟ್ರಾಸ್ಟ್‌ನಿಂದ ತೊಂದರೆಯೂ ಆಗಬಹುದು. ತಂದೆಯವರಿಗೆ ನಿಜವಾಗಿ ಬೇಕಾದದ್ದು ಆರು ತಿಂಗಳಿಗೊಮ್ಮೆ ತಪ್ಪದೆ ಹೊಟ್ಟೆಯ ಅಲ್ಟ್ರಾಸೌಂಡ್, ಅದರ ಜೊತೆಗೆ ಎಎಫ್‌ಪಿ (ಆಲ್ಫಾ ಫೀಟೋಪ್ರೋಟೀನ್) ರಕ್ತಪರೀಕ್ಷೆ. ಸಿರೋಸಿಸ್ ಇರುವವರಲ್ಲಿ ಕ್ಯಾನ್ಸರ್ ಗಡ್ಡೆಯನ್ನು ಚಿಕ್ಕದಿರುವಾಗಲೇ ಹಿಡಿಯುವುದಕ್ಕಾಗಿ ಇದನ್ನು ಮಾಡುತ್ತಾರೆ. ಅನ್ನನಾಳದ ಸಿರೆಗಳು ಊದಿಕೊಂಡಿವೆಯೇ ಎಂದು ನೋಡಲು ಎಂಡೋಸ್ಕೋಪಿ ಆಗಿದೆಯೇ ಎಂಬುದನ್ನು ನಿಮ್ಮ ವೈದ್ಯರನ್ನು ಕೇಳಿ. ಪೋರ್ಟಲ್ ಸಿರೆಯಲ್ಲಿ ರಕ್ತ ಯಾವ ದಿಕ್ಕಿಗೆ ಹರಿಯುತ್ತಿದೆ, ಅಲ್ಲಿ ಹೆಪ್ಪುಗಟ್ಟಿದೆಯೇ ಎಂಬುದನ್ನು ಅಲ್ಟ್ರಾಸೌಂಡ್ ಮಾಡುವಾಗಲೇ ಡಾಪ್ಲರ್‌ನಿಂದ ನೋಡಬಹುದು. ಅದಕ್ಕೆ ಕಾಂಟ್ರಾಸ್ಟ್ ಬೇಡ, ವಿಕಿರಣವೂ ಇಲ್ಲ.

ಪ್ರಶ್ನೆ ಕೇಳಿದವರಿಂದ

ಎಲ್ಲರ ಉತ್ತರಗಳನ್ನೂ ಮುದ್ರಿಸಿಕೊಂಡು ಮಾರ್ಗದರ್ಶಕರಿಗೆ ತೋರಿಸಿದೆ. ಇದುವರೆಗೆ ಮುಗಿದಿದ್ದ ಹನ್ನೊಂದು ಸ್ಕ್ಯಾನ್‌ಗಳ ರೇಖೆಗಳನ್ನು ನಾವಿಬ್ಬರೂ ಕುಳಿತು ಮತ್ತೆ ನೋಡಿದೆವು. ಇನ್ನೂ ಎರಡರಲ್ಲಿ ಪೋರ್ಟಲ್ ಆರ್‌ಓಐ ಸಿರೆಯ ಹೊರಗೆ ಜಾರಿತ್ತು, ಅವನ್ನು ತಿದ್ದಿದೆವು. ಒಂದರಲ್ಲಿ ಉಸಿರಿನ ಚಲನೆ ಎಷ್ಟಿತ್ತೆಂದರೆ ಯಾವ ತಿದ್ದುಪಡಿಯೂ ಹಿಡಿಯಲಿಲ್ಲ. ಆ ರೋಗಿಯನ್ನು ವಿಶ್ಲೇಷಣೆಯಿಂದ ಕೈಬಿಟ್ಟು, ಕೈಬಿಟ್ಟ ಕಾರಣವನ್ನು ಬರೆಯುವಂತೆ ಮಾರ್ಗದರ್ಶಕರು ಹೇಳಿದ್ದಾರೆ. ಎರಡು ಒಳಹರಿವಿನ ಮಾದರಿಯೊಂದನ್ನೇ ಇಟ್ಟುಕೊಳ್ಳುತ್ತೇವೆ; ಪ್ರತಿ ರೋಗಿಯ ಅಂಕಿಯ ಜೊತೆಗೆ ಮೂರು ರೇಖೆಗಳನ್ನೂ ಅನುಬಂಧದಲ್ಲಿ ಮುದ್ರಿಸುತ್ತೇವೆ. ಅವಧಿಯನ್ನು ಎರಡು ನಿಮಿಷಕ್ಕೆ ಹಿಗ್ಗಿಸುವ ಬದಲಾವಣೆಯನ್ನು ನೈತಿಕ ಸಮಿತಿಗೆ ತಿಳಿಸಿ ಅನುಮತಿ ಕೇಳಿದ್ದೇವೆ. ಆಗಲೇ ತೆಗೆದ ಸ್ಕ್ಯಾನ್‌ಗಳಿಂದ ಹಾದುಹೋಗುವ ಸಮಯದ ಅಂಕಿಯನ್ನು ಕೊಡದೆ, ಹರಿವು ಮತ್ತು ಅಪಧಮನಿಯ ಪಾಲನ್ನು ಮಾತ್ರ ಕೊಡುತ್ತೇವೆ.

ನಾಳೆ ಬೆಳಗ್ಗೆ 8 ಗಂಟೆಗೆ ಮುಂದಿನ ರೋಗಿ ಬರುತ್ತಿದ್ದಾರೆ. ರಾತ್ರಿ ಊಟದ ನಂತರ ಏನನ್ನೂ ತಿನ್ನದಂತೆ ವಾರ್ಡಿನ ಸಿಸ್ಟರ್‌ಗೆ ಹೇಳಿದ್ದೇನೆ, ಬಲ ಮೊಣಕೈಯಲ್ಲಿ 18 ಗೇಜ್ ಹಾಕಿಸಿದ್ದೇನೆ. ಹೊಟ್ಟೆಯ ಮೇಲೆ ಕೈಯಿಟ್ಟು ಉಸಿರು ಕಲಿಸುವ ಐದು ನಿಮಿಷಗಳಿಗೆ ನಾನೇ ಕೊಠಡಿಯಲ್ಲಿರುತ್ತೇನೆ.